ಕಾಸಿ ಆರಿಸಿದ ನೀರು

ಮೊನ್ನೆ ನಮ್ಮ ಓಣಿಯ ತುದಿಯಲ್ಲಿದ್ದ ಹಿಟ್ಟಿನ ಗಿರಣಿಯನ್ನು ಕೆಡವಿದರು. ಕಬ್ಬಿಣದ ಸಾಮಾನೆಲ್ಲ ಗುಜರಿಗೆ ಹೋಯಿತು. ಎರಡು ಕಲ್ಲುಗಳು ಮಾತ್ರ ಯಾರಿಗೂ ಬೇಡವಾಗಿ ಗಟಾರದ ಬಾಜೂ ಬಿದ್ದಿದ್ದವು. ಬಸದಿಯಿಂದ ಬರುವಾಗ ನಿಂತು ನೋಡಿದೆ. ಮೇಲಿನ ಕಲ್ಲಿನ ಹಲ್ಲು ಸವೆದು, ಅಂಗೈಯಂತೆ ನುಣ್ಣಗಾಗಿತ್ತು. ಅವಳಿದ್ದಿದ್ದರೆ ಕಲ್ಲು ಈ ಗತಿಗೆ ಬರುತ್ತಿರಲಿಲ್ಲ ಅಂದುಕೊಂಡೆ. ಅಷ್ಟು ಅಂದುಕೊಂಡದ್ದೇ ತಡ, ಮನೆಗೆ ಬಂದು ಸೀರೆ ಬದಲಿಸುವುದನ್ನೂ ಮರೆತು ಕೂತುಬಿಟ್ಟೆ.

ಓಣಿಗೆಲ್ಲ ಅವಳು ಗಿರಣಿ ಅಕ್ಕ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳೇ; ಆದರೂ ನನಗೂ ಅಕ್ಕನೇ. ಅವಳಿಗೆ ನಾನು ವೈನಿ, ಅಂದರೆ ಅತ್ತಿಗೆ. ತವರು ಮೂಡಲಗಿ ಕಡೆಯ ಒಂದು ಹಳ್ಳಿ, ಕುರಿ ಸಾಕುವ ಮನೆತನ. ಕೊಟ್ಟಿದ್ದು ಹತ್ತರಗಿಗೆ, ಹೆದ್ದಾರಿಗೆ ಹತ್ತಿದ ಮನೆಗೆ. ಗಂಡ ಲಾರಿ ನಡೆಸುತ್ತಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಒಂದು ವರ್ಷ ಒಣಗುತ್ತ ಒಣಗುತ್ತ ಹೋಗಿ ಸತ್ತ. ಏನಾಗಿತ್ತು ಅಂತ ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಮಕ್ಕಳಿರಲಿಲ್ಲ. ಆಗ ಅದಕ್ಕಾಗಿ ಅವಳು ಅತ್ತಿದ್ದಳಂತೆ. ಈಗ ನಾನು ಅದನ್ನು ಪುಣ್ಯದಲ್ಲೇ ಎಣಿಸುತ್ತೇನೆ. ಅತ್ತೆಮನೆಯವರು ಇರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ, ಉಣ್ಣಲು ಕರೆಯುವುದನ್ನು ಮಾತ್ರ ಬಿಟ್ಟರು. ಅವಳು ಗೋಕಾಕಕ್ಕೆ ಬಂದಳು. ಗಿರಣಿಯ ಮಾಲಕರಿಗೆ ಮೊಣಕಾಲು ಹಿಡಿದಿತ್ತು. ನಡೆಸಿಕೊಂಡು ಹೋಗು ಅಂತ ಅವಳ ಕೈಗೆ ಬಿಟ್ಟರು. ಎರಡು ತಿಂಗಳಲ್ಲಿ ಬೆಲ್ಟು ಏರಿಸುವುದರಿಂದ ಹಿಡಿದು ಕಲ್ಲು ಕಟೆಯುವವರೆಗೆ ಎಲ್ಲ ಕಲಿತಳು.

ಅವಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವಳ ಎರಡು ಬೆರಳು. ಹಿಟ್ಟು ಬೀಳುವ ಚೀಲದ ಬಾಯಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚಿಟಿಕೆ ಹಿಡಿದು ತಿಕ್ಕುತ್ತಿದ್ದಳು. ಕಣ್ಣು ಬೇರೆಲ್ಲೋ ಇರುತ್ತಿತ್ತು. ಗಿರಣಿಯ ಸಪ್ಪಳದಲ್ಲಿ ಮಾತು ಕೇಳದಲ್ಲ, ಬೆರಳಿನಿಂದಲೇ ಕೇಳಿಸಿಕೊಳ್ಳುವವಳ ಹಾಗೆ ನಿಲ್ಲುತ್ತಿದ್ದಳು. ಜೋಳ ಸಣ್ಣಗಾಯಿತು ಅಂದರೆ ರೊಟ್ಟಿ ಹರಿಯುತ್ತದೆ, ದಪ್ಪಗಾಯಿತು ಅಂದರೆ ಬಡಿಯಲು ಬರುವುದಿಲ್ಲ.

"ಯಾರ ಮನ್ಯಾಗ ಹಲ್ಲಿಲ್ಲದ ಮುದುಕರು ಅದಾರ, ಯಾರ ಮನ್ಯಾಗ ಹೊಸಾ ಸೊಸಿ ರೊಟ್ಟಿ ಬಡ್ಯಾಕ ಕಲ್ಯಾಕತ್ಯಾಳ, ನನಗ ಗೊತ್ತಿರಬೇಕ್ರಿ ವೈನಿ," ಅನ್ನುತ್ತಿದ್ದಳು. "ಡಬ್ಬಿ ನೋಡಿದ್ರ ಮನಿ ತಿಳೀಬೇಕು."

ನಮ್ಮದು ಜೈನರ ಮನೆ. ಬೇರೆಯವರ ಕಾಳಿನ ಹಿಂದೆ ನಮ್ಮದನ್ನು ಹಾಕುವ ಹಾಗಿಲ್ಲ. ಹಿಂದಿನವರ ಕಾಳಿನಲ್ಲಿ ನುಸಿ ಇದ್ದಿರಬಹುದು, ಆ ಪಾಪ ನಮ್ಮ ರೊಟ್ಟಿಗೆ ಬರಬಾರದು ಅಂತ ನನ್ನ ಅತ್ತೆಯ ಕಟ್ಟಳೆ. ಬೇರೆ ಗಿರಣಿಯವರು ಮುಖ ಸಿಂಡರಿಸುತ್ತಿದ್ದರು. ಇವಳು ಮುಂಜಾನೆ ಗಿರಣಿ ಶುರು ಮಾಡುವ ಮೊದಲು ಕಲ್ಲನ್ನು ಕಸಬರಿಗೆಯಿಂದ ಬಳಿದು, ನಮ್ಮ ಡಬ್ಬಿಯನ್ನೇ ಮೊದಲಿಗೆ ಹಾಕುತ್ತಿದ್ದಳು. "ನಿಮ್ಮದ ಆಗೂತನಾ ನನ್ನ ಗಿರಣಿ ಬಸದಿರಿ. ಆಮ್ಯಾಲ ಸಂತಿ," ಅಂತ ನಗುತ್ತಿದ್ದಳು.

ಕಲ್ಲಿನ ಹಲ್ಲು ಸವೆದಾಗ ಉಳಿ, ಸುತ್ತಿಗೆ ಹಿಡಿದು ತಾನೇ ಕಟೆಯುತ್ತಿದ್ದಳು. ಕಟೆದ ಮೇಲೆ ಮೊದಲು ಬೀಳುವ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ. ಅದಕ್ಕೆ ತನ್ನ ಕಾಳನ್ನೇ ಹಾಕಿ ಬೀಸಿ, ಆ ಹಿಟ್ಟನ್ನು ತಾನು ಒಯ್ಯುತ್ತಿದ್ದಳು. "ಅಕ್ಕಾ, ಅದನ್ನ ದನಕ್ಕರ ಹಾಕು," ಅಂದೆ ಒಮ್ಮೆ. "ದನ ಏನ ತಪ್ಪ ಮಾಡ್ಯಾವ್ರಿ," ಅಂದಳು.

ಹಿಟ್ಟಿನ ಧೂಳಿಗೆ ಗಂಟಲು ಒಣಗುತ್ತದೆ. ದಿನಾ ಮಧ್ಯಾಹ್ನ ಗಿರಣಿ ನಿಲ್ಲಿಸಿ ನಮ್ಮ ಕಟ್ಟೆಗೆ ಬಂದು ಕೂತು ನೀರು ಕೇಳುತ್ತಿದ್ದಳು. ನಮ್ಮ ಮನೆಯ ನೀರಿನ ವಿಷಯ ಸ್ವಲ್ಪ ಹೇಳಬೇಕು. ನಲ್ಲಿಯ ಬಾಯಿಗೆ ಬಿಳಿ ಅರಿವೆ ಕಟ್ಟಿ ಸೋಸಿ, ಕಾಸಿ, ಆರಿಸಿ, ಮುಚ್ಚಿಟ್ಟ ನೀರು. ಇಂದು ಕಾಸಿದ್ದನ್ನು ನಾಳೆ ಕುಡಿಯುವ ಹಾಗಿಲ್ಲ. ಅಡಿಗೆಯೂ ಹಾಗೆಯೇ, ಹೊತ್ತಿನದು ಹೊತ್ತಿಗೆ. ಚಾತುರ್ಮಾಸದಲ್ಲಿ ಊರಿಗೆ ಮುನಿ ಮಹಾರಾಜರು ಬಂದರೆ ಅವರ ಆಹಾರಕ್ಕೆ ಬಾಗಿಲಲ್ಲಿ ನಿಲ್ಲುತ್ತೇವೆ. ಆಗ ಮನೆಯ ಹೆಣ್ಣುಮಗಳು ಕೈ ಮುಗಿದು ಗಟ್ಟಿಯಾಗಿ ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧಿ. ಇದಿಷ್ಟನ್ನೂ ಕೇಳಿದ ಮೇಲೆಯೇ ಮಹಾರಾಜರು ಒಳಗೆ ಹೆಜ್ಜೆ ಇಡುತ್ತಾರೆ. ಆ ಮಾತು ಹೇಳುವ ಮನೆಯ ನೀರು ಅದು.

"ನಿಮ್ಮ ನೀರಿಗಿ ರುಚಿನ ಇಲ್ಲ ಬಿಡ್ರಿ," ಅನ್ನುತ್ತಿದ್ದಳು ಅವಳು. "ಆದ್ರ ಹೊಟ್ಟಿಗಿ ಹಗರ."

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತು. ಮೊದಲು ನಿಂಬೆಕಾಯಿಯಷ್ಟು. ದೀಪಾವಳಿಗೆ ಮುಂಚೆ ಅದರ ಬಾಜೂ ಇನ್ನೆರಡು. ಘಟಪ್ರಭಾದ ಡಾಕ್ಟರು ನೋಡಿ, ಮಿರಜಿನ ದೊಡ್ಡಾಸ್ಪತ್ರೆಗೆ ಹೋಗು ಅಂದರು. ಅವಳು ನನ್ನ ಕಟ್ಟೆಗೆ ಬಂದು ಕೂತಳು.

"ವೈನಿ, ಅಲ್ಲೆ ಎಲ್ಲಾ ಮರಾಠಿ ಅಂತ. ನನಗ ಕುರಿ ಭಾಷಾ ಬರತೈತಿ, ಮರಾಠಿ ಬರೂದಿಲ್ಲ. ನೀವು ನಿಪ್ಪಾಣಿ ಕಡೇಯವರು. ನನ್ನ ಬಾಯಿ ಆಗ್ತೀರೇನು?"

ಆಗುತ್ತೇನೆ ಅಂದೆ. ಗೋಕಾಕದಿಂದ ಬಸ್ಸು, ಘಟಪ್ರಭಾದಿಂದ ರೈಲು. ಬುತ್ತಿ ಕಟ್ಟಿಕೊಂಡು, ನೀರಿನ ತಂಬಿಗೆ ಹಿಡಿದು ಹೋದೆವು. ನಾಲ್ಕು ಸಲ ಅಡ್ಡಾಡಿದ ಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ನಡು ವಯಸ್ಸಿನವರು, ಸಾವಕಾಶ ಮಾತಾಡುವವರು. ನಾನು ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಂದೆ. ಗಂಡನಿಂದ ಬಂದ ಎಚ್‌.ಐ.ವಿ. ದೇಹದ ಕಾವಲನ್ನು ತಿಂದುಹಾಕಿದೆ. ಕಾವಲಿಲ್ಲದ ಹೊಲದಲ್ಲಿ ಈ ಗಂಟು ಎದ್ದಿದೆ. ಇದು ಒಂದು ಜಾತಿಯ ಕ್ಯಾನ್ಸರ್. ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಸಲ ಸಲಾಯಿನಿನಲ್ಲಿ ಔಷಧಿ ಕೊಡಬೇಕು. ಆದರೆ ಗಂಟು ಕರಗಿಸುವ ಔಷಧಿ ಅಳಿದುಳಿದ ಕಾವಲನ್ನೂ ಕರಗಿಸುತ್ತದೆ. ಕಾಸಿ ಆರಿಸಿದ ನೀರು ಕುಡಿಯಬೇಕು, ಬಿಸಿ ಅಡಿಗೆ ಉಣ್ಣಬೇಕು, ಹಸಿಯದು ಏನೂ ತಿನ್ನಬಾರದು, ಜ್ವರ ಬಂದರೆ ಒಂದು ತಾಸೂ ತಡೆಯಬಾರದು. ಆ ರೋಗ ಮುಟ್ಟಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಹತ್ತುವಂಥದ್ದಲ್ಲ ಅಂತಲೂ ಹೇಳಿದರು. ಅದನ್ನೂ ನಾನೇ ಅವಳಿಗೆ ಕನ್ನಡದಲ್ಲಿ ಹೇಳಿದೆ.

ಅವಳು ಎಲ್ಲ ಕೇಳಿ, ತನ್ನ ಬೆರಳುಗಳನ್ನೇ ತಿಕ್ಕುತ್ತ ಕೂತಳು. "ಗಿರಣಿ ಕಲ್ಲಿನಂಗ ಆತು," ಅಂದಳು. "ಕಲ್ಲು ಕಾಳಷ್ಟ ತಿನ್ನಂಗಿಲ್ಲರಿ. ತನ್ನನ್ನೂ ತಾ ತಿಂತೈತಿ. ಕೇಳ್ರಿ ಅವರಿಗೆ, ಕಾಳು ಮೊದಲ ಮುಗಿತೈತೋ, ಕಲ್ಲು ಮೊದಲ ಮುಗಿತೈತೋ."

ಡಾಕ್ಟರಿಗೆ ಅದನ್ನು ಮರಾಠಿಯಲ್ಲಿ ಹೇಳಿದೆ. ಅದನ್ನೇ ನೋಡಬೇಕಾಗಿದೆ ಅಂದರು ಅವರು.

ಹೊರಗೆ ಬಂದ ಮೇಲೆ ಅವಳು ಇನ್ನೊಂದು ಮಾತು ನನ್ನ ಕಿವಿಯಲ್ಲಿ ಹೇಳಿದಳು. ಕೆಲವು ತಿಂಗಳಿಂದ ಅವಳಿಗೆ ಬಿಳಿ ಹೋಗುತ್ತಿತ್ತು. ಹೆಂಗಸರಿಗೆಲ್ಲ ಗೊತ್ತಿರುವ ಬಾಧೆ ಅದು. ಸೀರೆ ಹಾಳಾಗುತ್ತದೆ, ಸೊಂಟ ಬೀಳುತ್ತದೆ. ಅದನ್ನು ಗಂಡಸು ಡಾಕ್ಟರ ಮುಂದೆ ಹೇಗೆ ಹೇಳುವುದು. ನಾನು ಅಲ್ಲಿಯ ಸಿಸ್ಟರನ್ನು ಮೂಲೆಗೆ ಕರೆದು ಮೆಲ್ಲಗೆ, "ಹಿಲಾ ಪಾಂಢರ ಜಾತಯ," ಇವಳಿಗೆ ಬಿಳಿ ಹೋಗುತ್ತದೆ, ಅಂದೆ. ಆಕೆ ತಲೆಯಾಡಿಸಿ ಒಂದು ಗುಳಿಗೆ ಬರೆಸಿಕೊಟ್ಟಳು. ಈ ಸಣ್ಣ ಮಾತನ್ನು ನೆನಪಿಡಬೇಕು. ಮುಂದೆ ನನ್ನ ಕೊರಳಿಗೆ ಬಿದ್ದದ್ದು ಇದೇ.

ರೈಲಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಹೇಳಿದಳು: "ವೈನಿ, ಸಾಯೂದು ಆಮ್ಯಾಲ. ಓಣಿಗಿ ಗೊತ್ತಾತಂದ್ರ ನಾಳಿಂದ ಒಂದು ಡಬ್ಬಿ ಬರೂದಿಲ್ಲ. ನನ್ನ ಕೈ ಮುಟ್ಟಿದ ಹಿಟ್ಟು ಯಾರು ನಾದ್ತಾರ್ರಿ? ಬ್ಯಾನಿಗಿ ನಾ ತಡಕೊಂಡೇನಿ. ಗಿರಣಿ ಬಂದಾದ್ರ ನಾ ಯಾರು ಹೇಳ್ರಿ."

"ನನ್ನ ಬಾಯಿಂದ ಹೊರಗ ಬೀಳೂದಿಲ್ಲ ಅಕ್ಕಾ," ಅಂದೆ. ತಂಬಿಗೆ ಮುಟ್ಟಿ ಅಂದೆ.

ಇನ್ನು ನನ್ನ ತಪ್ಪುಗಳನ್ನು ಹೇಳಬೇಕು. ಮೊದಲನೆಯದು ಲೋಟದ್ದು. ಮುಟ್ಟಿದರೆ ಹತ್ತುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ಕನ್ನಡಕ್ಕೆ ತಂದ ಬಾಯಿ ನನ್ನದೇ. ಆದರೆ ಮನೆಗೆ ಬಂದು ಮಾಡಿದ ಮೊದಲ ಕೆಲಸ, ಒಂದು ಹಳೆಯ ಸ್ಟೀಲ್ ಲೋಟವನ್ನು ಬೇರೆ ತೆಗೆದು ಹೊರಗಿನ ಗೂಡಿನಲ್ಲಿಟ್ಟದ್ದು. ಅದರ ತಳ ನೆಗ್ಗಿತ್ತು, ಇಟ್ಟಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅತ್ತೆಗೆ ವಯಸ್ಸಾಗಿದೆ ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ಮರುದಿನ ಅವಳು ಬಂದಳು. ಗೂಡಿನ ಲೋಟ ನೋಡಿದಳು, ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಛಲೋ ಮಾಡಿದ್ರಿ ವೈನಿ," ಅಂದಳು. "ಡಾಕ್ಟರ ನನಗ ಬ್ಯಾರೆ ಗಲಾಸ ಇಟಗೊ ಅಂದಿದ್ರು. ನಿಮ್ಮ ಮನ್ಯಾಗಿನ ಕೆಮ್ಮು ನೆಗಡಿ ನನಗ ಹತ್ತಬಾರ್ದಂತ. ನಾ ಹೇಳಾಕ ಮರತಿದ್ನಿ, ನೀವ ತಿಳಕೊಂಡ ತಗದಿಟ್ಟೀರಿ."

ಡಾಕ್ಟರು ಹಾಗೆ ಹೇಳಿರಲಿಲ್ಲ. ಅವರು ಹೇಳಿದ್ದು ಒಂದು ಅಕ್ಷರವೂ ನನ್ನ ಬಾಯಿಂದಲ್ಲದೆ ಅವಳಿಗೆ ಹೋಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ನನ್ನ ಮರ್ಯಾದೆ ಉಳಿಸಲು ಅವಳು ಡಾಕ್ಟರ ಹೆಸರಿನಲ್ಲಿ ಒಂದು ಮಾತು ಹುಟ್ಟಿಸಿದಳು. ನೀರು ಕುಡಿದು ಲೋಟವನ್ನು ಕಟ್ಟೆಯ ಮೇಲಿಟ್ಟಳು. ಅದು ಓಲಾಡಿತು. "ನನ್ನಂಗ ಐತಿ. ನಿಂದ್ರವಲ್ದು," ಅಂದಳು.

ಆಮೇಲೆ ಆ ಲೋಟವನ್ನು ಒಳಗೆ ತರಬಹುದಿತ್ತು. ತರಲಿಲ್ಲ. ನೋಡಿದವರು ಏನಾದರೂ ಕೇಳಿಯಾರು ಅಂತ ಅಂದುಕೊಂಡೆ. ಮನಸ್ಸಿಗೆ ನೆಪಗಳ ಬರ ಇರುವುದಿಲ್ಲ.

ಔಷಧಿ ಶುರುವಾಯಿತು. ಕೆಂಪು ಬಣ್ಣದ್ದೊಂದು ಇರುತ್ತಿತ್ತು. ಅದು ಏರಿದ ದಿನ ಮೂತ್ರವೂ ಕೆಂಪಗೆ ಹೋಗಿ ಮೊದಲ ಸಲ ಅವಳು ಹೆದರಿ ನನ್ನ ಕೈ ಹಿಡಿದಿದ್ದಳು. ಮೂರನೆಯ ದಿನದಿಂದ ಬಾಯಿಯೆಲ್ಲ ಹುಣ್ಣು. ಎಚ್‌.ಐ.ವಿ. ಗುಳಿಗೆ ಬೇರೆ; ಅದನ್ನು ಪುಕ್ಕಟೆ ಕೊಡುವುದು ಆಗತಾನೆ ಎಲ್ಲೋ ದೊಡ್ಡ ಊರುಗಳಲ್ಲಿ ಶುರುವಾಗಿತ್ತು, ಡಾಕ್ಟರೇ ಓಡಾಡಿ ಅವಳಿಗೆ ಸಿಗುವ ಹಾಗೆ ಮಾಡಿದ್ದರು. ಅದು ಒಂದು ಪುಣ್ಯ. ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ನಮ್ಮ ಸಪ್ಪನೆ ಅಡಿಗೆ ಹುಣ್ಣಿನ ಬಾಯಿಗೆ ಉರಿಯುತ್ತಿರಲಿಲ್ಲ, ಅದೂ ಪುಣ್ಯ. ಅತ್ತೆಗೆ ನಾನು ಹೇಳಿದ್ದು, ಅವಳ ಹೊಟ್ಟೆ ಕೆಟ್ಟಿದೆ ಅಂತ ಅಷ್ಟೇ. ಪಾಪ, ಅವರು ತಾವೇ ಗಂಜಿ ಮಾಡಿ ತುಪ್ಪ ಹಾಕಿ, "ಬಿಸಿ ಇದ್ದಾಗ ಕುಡಿಯವ್ವಾ," ಅಂತ ಕೊಡುತ್ತಿದ್ದರು.

ಎರಡನೆಯ ಸಲಾಯಿನಿಗೆ ಕೂದಲು ಉದುರಿತು. ಆದರೆ ಗಿರಣಿಯವಳು ಧೂಳಿಗೆ ತಲೆಗೆ ಅರಿವೆ ಸುತ್ತುವವಳೇ, ಯಾರಿಗೂ ತಿಳಿಯಲಿಲ್ಲ. ಮುಖ ಬಿಳಚಿಕೊಂಡಿತು. ಹಿಟ್ಟು ಬಡಿದ ಮುಖ ಯಾವತ್ತೂ ಬೆಳ್ಳಗೇ ಇರುತ್ತಿತ್ತು, ಅದೂ ತಿಳಿಯಲಿಲ್ಲ. ಹುಬ್ಬು ಉದುರಿದಾಗ ಮಾತ್ರ ಎದುರು ಮನೆಯವಳು ಡಬ್ಬಿ ಇಡುತ್ತ, "ಏನ ಗಿರಣಿ ಅಕ್ಕಾ, ಹುಬ್ಬ ಕಲ್ಲಿಗಿ ಹಾಕಿ ಬೀಸಿದೇನ?" ಅಂತ ಚಾಷ್ಟಿ ಮಾಡಿದಳು. "ಹೌದವ್ವಾ, ನಿನ್ನ ಗೋದಿ ಹಿಟ್ಟಿನ್ಯಾಗ ಐತಿ ನೋಡು, ಸೋಸಿ ನಾದು," ಅಂದಳು ಇವಳು. ಇಬ್ಬರೂ ನಕ್ಕರು. ನಾನು ಬಾಗಿಲಿಂದಲೇ ಹಿಂದಿರುಗಿದೆ.

ಮೂರು ಸಲ ಚೆನ್ನಾಗಿಯೇ ಆಯಿತು. ಗಂಟು ಕಡಲೆಕಾಳಿನಷ್ಟಾಗಿತ್ತು. ಕಾಳೇ ಮೊದಲು ಮುಗಿಯುತ್ತದೆ ಅಂತ ನಾನು ನಂಬಿದೆ. ನಾಲ್ಕನೆಯ ಸಲ ಕೊಟ್ಟ ಮೇಲೆ ಡಾಕ್ಟರು, ಹತ್ತು ದಿನಕ್ಕೆ ನಿಮ್ಮ ಊರಲ್ಲೇ ರಕ್ತ ತಪಾಸಣೆ ಮಾಡಿಸಿ ಫೋನಿನಲ್ಲಿ ಹೇಳಿ ಅಂದರು. ಮಾಡಿಸಿದೆವು. ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮ ಯಜಮಾನರಿಗೆ ತೋರಿಸಿದ್ದರೆ ಓದುತ್ತಿದ್ದರು. ಆದರೆ ಅವರಿಗೂ ಹೇಳಿರಲಿಲ್ಲವಲ್ಲ. ನಾನೊಬ್ಬಳೇ ಎಸ್‌.ಟಿ.ಡಿ. ಬೂತಿಗೆ ಹೋದೆ. ಫೋನು ಎತ್ತಿದವಳು ಅದೇ ಸಿಸ್ಟರು. ಕಾಗದದ ಮೇಲಿನ ಅಂಕಿಗಳನ್ನು ಮೇಲಿಂದ ಕೆಳಗೆ ಓದಿದೆ. ಆಕೆ, "ಪಾಂಢರ ಫಾರ ಕಮಿ ಝಾಲಯ. ಜಪಾ," ಅಂದಳು. ಬಿಳಿ ಬಹಳ ಕಡಿಮೆಯಾಗಿದೆ, ಜೋಪಾನ. ಆಮೇಲೆ ಇನ್ನೇನೋ ಅನ್ನುತ್ತಿದ್ದಳು, ಲೈನು ಕಡಿಯಿತು.

ಮತ್ತೆ ಫೋನು ಹಚ್ಚಬಹುದಿತ್ತು. ಕೆಟ್ಟ ಸುದ್ದಿಯಾಗಿದ್ದರೆ ಹಚ್ಚುತ್ತಿದ್ದೆ. ಆದರೆ ನನಗೆ ಕೇಳಿದ್ದು ಒಳ್ಳೆಯ ಸುದ್ದಿ. ಅವಳ ಬಿಳಿಯ ಮಾತನ್ನು ನಾನು ಹೇಳಿದ್ದು ಈ ಸಿಸ್ಟರಿಗೇ. ಈಗ ಅದು ಕಡಿಮೆಯಾಗಿದೆ ಅಂತ ಆಕೆಯೇ ಹೇಳುತ್ತಿದ್ದಾಳೆ. ಗಿರಣಿಗೆ ಓಡಿದೆ. ಸಪ್ಪಳದಲ್ಲಿ ಅವಳ ಕಿವಿಗೆ ಬಾಯಿ ಹಚ್ಚಿ, "ನಿನ್ನ ಬಿಳಿ ಭಾಳ ಕಡಿಮಿ ಆಗೈತಂತ ಅಕ್ಕಾ," ಅಂದೆ.

ಅವಳು ಗಿರಣಿ ಬಂದು ಮಾಡಿದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿ ಗೋಡೆಯ ಮೇಲಿದ್ದ ತನ್ನ ದೇವರಿಗೆ ಕೈ ಮುಗಿದಳು. "ಖರೆ ಐತ್ರಿ ವೈನಿ. ಎರಡು ವಾರ ಆತು, ಸೀರಿ ಸ್ವಚ್ಛ ಐತಿ," ಅಂದಳು. "ಅಣ್ಣ ಕರ್ಯಾಕತ್ತಾನ. ಕುರಿ ಮರಿ ಹಾಕ್ಯಾವಂತ. ಒಂದು ನಾಕ ದಿನ ಹೋಗಿ ಬರಲಿ?"

"ಹೋಗಿ ಬಾ," ಅಂದೆ ನಾನು. ಜಪಾ ಅಂದಿದ್ದನ್ನೂ ಹೇಳಿದೆ, ಆದರೆ ಊರಿಗೆ ಹೋಗುವವರಿಗೆ ಜೋಪಾನ ಅನ್ನುವುದಿಲ್ಲವೇ, ಹಾಗೆ ಹೇಳಿದೆ.

ಮೂಡಲಗಿ ಕಡೆಯ ಆ ಹೊಲದಲ್ಲಿ ಆಗ ಕಡಲೆ ಹಸಿರಿತ್ತು. ಮೂರು ತಿಂಗಳಿಂದ ಹಸಿಯದು ಬಾಯಿಗಿಡದವಳು ಗಿಡ ಕಿತ್ತು ಸುಲಗಾಯಿ ಸುಲಿದು ತಿಂದಳಂತೆ. ಬಾವಿ ನೀರು ಕುಡಿದಳಂತೆ. ಎಳೆಯ ಮರಿಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹಟ್ಟಿಯಲ್ಲೇ ಕೂತಿರುತ್ತಿದ್ದಳಂತೆ. ಮೂರನೆಯ ದಿನ ಜ್ವರ ಬಂತು. ಹೆಚ್ಚು ಕಡಿಮೆ ಆರಾಮಾದವಳಿಗೆ ಬಂದ ಜ್ವರ, ಬಿಸಿಲಿಗೆ ಬಂದಿರಬೇಕು ಅಂತ ಒಂದು ದಿನ ಕಷಾಯ ಕುಡಿದು ಮಲಗಿದಳು. ಒಂದು ತಾಸೂ ತಡೆಯಬಾರದು ಅಂದಿದ್ದು ಅವಳಿಗೆ ನೆನಪಿತ್ತಂತೆ. ಆದರೆ ಆ ಮಾತು ರೋಗದವಳಿಗೆ ಹೇಳಿದ್ದು. ತಾನು ಪಾರಾದೆ ಅಂದುಕೊಂಡಿದ್ದಳು. ಹಾಗೆ ಅಂದುಕೊಳ್ಳಲು ಹೇಳಿದವಳು ನಾನು.

ಅಣ್ಣ ಟೆಂಪೋದಲ್ಲಿ ಮಲಗಿಸಿಕೊಂಡು ಗೋಕಾಕಕ್ಕೆ ತಂದಾಗ ಅವಳ ತುಟಿ ನೀಲಿಯಾಗಿತ್ತು. ಮಿರಜಿಗೆ ಹೊರಡಬೇಕು, ನಾನಿಲ್ಲದೆ ಅವರಿಗೆ ಬಾಯಿಲ್ಲ. ಒಲೆಯ ಮೇಲೆ ಅಡಿಗೆ ಇತ್ತು. ಅತ್ತೆ ಅಡ್ಡ ನಿಂತರು.

"ಹೊಟ್ಟಿ ಕೆಟ್ಟದ್ದಕ್ಕ ಮಿರಜಿಗಿ ಯಾಕ? ಹೇಳದ ಹೊರಗ ಹೆಜ್ಜಿ ಇಡಬ್ಯಾಡ."

ಹೇಳಿಬಿಟ್ಟೆ. ತಂಬಿಗೆ ಮುಟ್ಟಿ ಆಡಿದ ಮಾತು ಅವಸರದಲ್ಲಿ ಒಂದು ಉಸಿರಿಗೆ ಹೋಯಿತು. ಅತ್ತೆ ಗೋಡೆ ಹಿಡಿದು ಕೂತರು. ಆಮೇಲೆ ತಾವೇ ಎದ್ದು ನೀರಿನ ತಂಬಿಗೆ ತುಂಬಿಕೊಟ್ಟು, "ಹೋಗು, ಹೊತ್ತಾಗತೈತಿ," ಅಂದರು.

ಮಿರಜಿನಲ್ಲಿ ಡಾಕ್ಟರು, ಫೋನಿನಲ್ಲಿ ಹೇಳಿದ ಮೇಲೂ ಯಾಕೆ ಬರಲಿಲ್ಲ ಅಂತ ಕೇಳಿದರು. ನಾನು ಕೇಳಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಒಂದು ಚೀಟಿ ತೆಗೆದುಕೊಂಡು ಪೆನ್ನಿನಿಂದ ಸಣ್ಣ ಸಣ್ಣ ದುಂಡು ಹಾಕಿದರು. ರಕ್ತದಲ್ಲಿ ಬಿಳಿಯ ಕಣಗಳಿರುತ್ತವೆ, ದೇಹದ ಕಾವಲು ಅಂತ ನಾನು ಹೇಳುತ್ತಿದ್ದದ್ದು ಇವನ್ನೇ, ಅಂದರು. ಕಡಿಮೆಯಾದವು ಅಂದರೆ ಊರ ಅಗಸೆಬಾಗಿಲು ತೆರೆದು ಬಿದ್ದ ಹಾಗೆ. ಆ ದಿನವೇ ಬಂದಿದ್ದರೂ ಜ್ವರ ಬರುತ್ತಿರಲಿಲ್ಲ ಅಂತ ಹೇಳಲಾಗದು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ತಾಯಿ, ಅಂತಲೂ ಅಂದರು. ಸಣ್ಣ ಪುಣ್ಯಗಳನ್ನು ಒಂದೂ ಬಿಡದೆ ಎಣಿಸುವವಳು ನಾನು. ಈ ಮಾತನ್ನು ಮಾತ್ರ ಇವತ್ತಿಗೂ ಎಣಿಕೆಗೆ ತೆಗೆದುಕೊಳ್ಳಲಾಗಿಲ್ಲ.

ಆರನೆಯ ದಿನ ಅವಳಿಗೆ ಮಾತಾಡುವಷ್ಟು ತ್ರಾಣ ಬಂತು. ನಾನು ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಬಿಳಿ ಅಂದರೆ ಅದಲ್ಲವಂತೆ, ಇದಂತೆ. ತಪ್ಪು ನನ್ನದು.  ಅವಳು ಹುಣ್ಣು ತುಂಬಿದ ಬಾಯಿಯಲ್ಲಿ ನಗಲು ಹತ್ತಿದಳು. ಸಲಾಯಿನಿನ ನಳಿಕೆ ಅಲುಗಾಡಿತು.

"ಬಿಳಿ ಅಂದ್ರ ಅವರಿಗೆ ರಕ್ತದಾಗ. ನಮಗ ಸೀರ್ಯಾಗ," ಅಂದಳು. "ನೀವ ಹೆಂಗಸ, ನಾ ಹೆಂಗಸ, ಆಕಿ ಸಿಸ್ಟರ ಹೆಂಗಸ. ಮೂರೂ ಮಂದಿ ಕೂಡಿ ಮುಗಿಸಿದಿವಲ್ಲರಿ ವೈನಿ."

ಬೈದಿದ್ದರೆ ಚೆನ್ನಾಗಿತ್ತು. ನಾನು ಅತ್ತುಬಿಟ್ಟೆ. ಅವಳು ಕೈ ಚಾಚಿ, ನನ್ನ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಹಿಟ್ಟು ನೋಡುವ ಹಾಗೆ ತಿಕ್ಕಿದಳು. "ಓಣ್ಯಾಗ ಯಾರಿಗೂ ಗೊತ್ತಾಗಿಲ್ಲಲ್ಲ?" ಅಂತ ಕೇಳಿದಳು.

"ಇಲ್ಲ," ಅಂದೆ.

ಹನ್ನೆರಡು ದಿನಕ್ಕೆ ಕಳಿಸಿಕೊಟ್ಟರು. ಇನ್ನು ಸಲಾಯಿನು ತಡೆಯುವ ಶಕ್ತಿ ಅವಳಿಗಿಲ್ಲ, ಉಳಿದ ಎರಡು ಬೇಡ ಅಂದರು. ಕುತ್ತಿಗೆಯ ಗಂಟು ಆಗಲೇ ಮತ್ತೆ ಕೈಗೆ ಹತ್ತುತ್ತಿತ್ತು. ಅವಳು ಊರಿಗೆ ಹೋಗಲು ಒಪ್ಪಲಿಲ್ಲ. ಮರುದಿನ ಮುಂಜಾನೆ ಅಣ್ಣನ ಕೈ ಹಿಡಿದು ಬಂದು ಗಿರಣಿಯ ಬಾಗಿಲು ತೆಗೆಸಿದಳು, ಕಲ್ಲು ಬಳಿದಳು, ಸ್ಟೂಲಿನ ಮೇಲೆ ಕೂತಳು.

ಯಾರೂ ಬರಲಿಲ್ಲ. ಗಿರಣಿಯ ಮುಂದೆ ಮುಂಜಾನೆಯೇ ಸಾಲು ಹಚ್ಚುತ್ತಿದ್ದ ಡಬ್ಬಿಗಳಲ್ಲಿ ಒಂದೂ ಇರಲಿಲ್ಲ. ಎದುರು ಮನೆಯವಳು ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಈಚೆ ನೋಡದೆ, ಸಂತೆಪೇಟೆಯ ಗಿರಣಿಗೆ ಹೋದಳು. ನಾನು ಒಳಗೆ ಬಂದು ಅತ್ತೆಯ ಎದುರು ನಿಂತೆ. ಅವರು ಜಪಮಾಲೆ ಕೆಳಗಿಟ್ಟರು.

"ನಾ ಬಸದ್ಯಾಗ ಒಬ್ಬಾಕಿಗಷ್ಟ ಹೇಳೀನಿ," ಅಂದರು. "ಆಕಿ ಹೇಳೂದಿಲ್ಲ ಅಂದಿದ್ಳು."

 ನಾನೂ ಒಬ್ಬರಿಗಷ್ಟೇ ಹೇಳಿದ್ದೆ.

ಆ ದಿನ ನಾನೂ ಡಬ್ಬಿ ಒಯ್ಯಲಿಲ್ಲ. ಮನೆಯಲ್ಲಿ ಹಿಟ್ಟಿದೆ, ಇವತ್ತೇ ಯಾಕೆ, ಅಂತ ನೆಪ ಸಿಕ್ಕಿತು. ಮರುದಿನ ಮೂರು ಸೇರು ಜೋಳ ತುಂಬಿ ಒಯ್ದೆ. ಅವಳು ಎದ್ದು ನಿಂತಳು. ಅಣ್ಣ ಗಿರಣಿ ಚಾಲೂ ಮಾಡಿದ. ಅವಳು ಚೀಲದ ಬಾಯಿಗೆ ಕೈಯೊಡ್ಡಿ ಚಿಟಿಕೆ ಹಿಡಿದು ತಿಕ್ಕಿದಳು, 'ಇನ್ನೊಂದೀಟು' ಅಂತ ಕೈಸನ್ನೆ ಮಾಡಿ ಕಲ್ಲು ಬಿಗಿ ಮಾಡಿಸಿದಳು, ಮತ್ತೆ ತಿಕ್ಕಿದಳು. ಅತ್ತೆಗೆ ಹಲ್ಲಿಲ್ಲ ಅನ್ನುವುದು ಆಗಲೂ ಅವಳ ಬೆರಳಿಗೆ ನೆನಪಿತ್ತು. ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದಳು.

"ನಿನ್ನೆ ಬರಲಿಲ್ಲ," ಅಂದಳು.

ಅಷ್ಟೇ ಅಂದದ್ದು. ಯಾರು ಹೇಳಿದರು ಅಂತ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನಾನು 'ಇಲ್ಲ' ಅಂದದ್ದನ್ನು ನೆನಪಿಸಲೂ ಇಲ್ಲ. ಆ ಸಲ ನನ್ನನ್ನು ಉಳಿಸುವ ಮಾತು ಅವಳಿಗೂ ಹೊಳೆಯಲಿಲ್ಲವೋ, ಹೊಳೆದರೂ ಸಾಕು ಅನ್ನಿಸಿತೋ.

ಆ ಹಿಟ್ಟಿನ ರೊಟ್ಟಿಯನ್ನು ಮನೆಯಲ್ಲಿ ಎಲ್ಲರೂ ತಿಂದೆವು. ಅತ್ತೆ ಮೊದಲು ತಿಂದರು. ಇದನ್ನು ಹೇಳಲೇಬೇಕು, ಅವರ ಹೆಸರಿಗೂ ಒಂದು ಪುಣ್ಯ ಇರಲಿ.

ಗಿರಣಿ ಎಂಟು ದಿನ ಹಾಗೆಯೇ ತೆರೆದಿತ್ತು, ನಮ್ಮ ಮನೆಯ ಡಬ್ಬಿಯೊಂದಕ್ಕೆ. ಒಂಬತ್ತನೆಯ ದಿನ ಬಾಗಿಲು ತೆಗೆಯಲಿಲ್ಲ. ಅಣ್ಣ ಅವಳನ್ನು ಕಂಬಳಿಯಲ್ಲಿ ಸುತ್ತಿ ಟೆಂಪೋಕ್ಕೆ ಏರಿಸುವಾಗ ನಾನು ತಂಬಿಗೆ, ಗೂಡಿನ ಆ ಲೋಟ ಹಿಡಿದು ಹೋದೆ. ಎರಡು ಗುಟುಕು ಕುಡಿದಳು. ಲೋಟವನ್ನು ನನಗೆ ಕೊಟ್ಟು, "ಇದನ್ನ ಇಟಗೊಳ್ರಿ," ಅಂದಳು. ಐದು ದಿನಕ್ಕೆ ಸುದ್ದಿ ಬಂತು. ಕಾಳು ಮುಗಿಯಲಿಲ್ಲ, ಕಲ್ಲೇ ಮುಗಿಯಿತು. ಕೊನೆಯ ಎರಡು ದಿನ ಅವಳಿಗೆ ಎಚ್ಚರ ಇರಲಿಲ್ಲವಂತೆ, ಅದು ಪುಣ್ಯ.

ಮುಂದಿನ ಚಾತುರ್ಮಾಸಕ್ಕೆ ಊರಿಗೆ ಮಹಾರಾಜರು ಬಂದರು. ಅವರ ಆಹಾರದ ಮಡಿ ಅಡಿಗೆಗೆ ನಾವೂ ಚೌಕಿ ಹಚ್ಚಿದೆವು. ನಸುಕಿನಲ್ಲೇ ಎದ್ದು ಮಿಂದು ಮಡಿ ಉಟ್ಟು, ನೀರು ಸೋಸಿ, ಕಾಸಿ, ಆರಿಸಿ ಇಟ್ಟೆ. ಮಹಾರಾಜರು ಓಣಿ ಹಿಡಿದು ಬಂದರು. ಮುಚ್ಚಿದ ಗಿರಣಿಯನ್ನು ದಾಟಿ ನಮ್ಮ ಬಾಗಿಲ ಮುಂದೆ ನಿಂತರು. ನಾನು ಕೈ ಮುಗಿದೆ. ಇಪ್ಪತ್ತು ವರ್ಷದಿಂದ ಹೇಳಿದ ಮಾತು. ಮನಶುದ್ಧಿ ಅನ್ನುವಾಗ ಗೂಡಿನ ಲೋಟ ಕಣ್ಣಿಗೆ ಬಂತು, ಹೇಗೋ ಅಂದೆ. ಮುಂದಿನದು ವಚನಶುದ್ಧಿ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಹಿಂದೆ ಅತ್ತೆ ನಿಂತಿದ್ದರು, ಅವರು ಹೇಳಬಹುದಿತ್ತು. ತಿರುಗಿ ನೋಡಿದೆ. ಅವರೂ ತಲೆ ತಗ್ಗಿಸಿದ್ದರು.

ಮಹಾರಾಜರು ಇನ್ನೂ ಸ್ವಲ್ಪ ಹೊತ್ತು ನಿಂತರು. ಆಮೇಲೆ ಸದ್ದಿಲ್ಲದೆ ಮುಂದಿನ ಮನೆಗೆ ನಡೆದರು.

ಕಾಸಿ ಆರಿಸಿದ ನೀರು ಹಾಗೇ ಉಳಿಯಿತು. ಸಂಜೆಯೊಳಗೆ ಕುಡಿಯಬೇಕು, ನಾಳೆಗೆ ನಡೆಯುವುದಿಲ್ಲ. ಹೊರಗಿನ ಗೂಡಿನಿಂದ ಆ ತಳ ನೆಗ್ಗಿದ ಲೋಟವನ್ನು ಒಳಗೆ ತಂದು, ತೊಳೆದು, ನೀರು ಬಗ್ಗಿಸಿಕೊಂಡು, ಕಚ್ಚಿ ಕುಡಿದೆ. ನೀರಂತೂ ಶುದ್ಧವಿತ್ತು.